ಬಾಗಿಲಲ್ಲಿ ಓರೆಯಾಗಿ ನಿಂತವರು

ನನ್ನ ಗಂಡನ ಅಣ್ಣ, ನಮ್ಮ ಭಾವ, ಯಾವ ಬಾಗಿಲಲ್ಲೂ ನೆಟ್ಟಗೆ ನಿಂತದ್ದನ್ನು ನಾನು ಕಾಣೆ. ಕಚೇರಿಯ ಬಾಗಿಲಿರಲಿ, ಆಸ್ಪತ್ರೆಯ ಬಾಗಿಲಿರಲಿ, ನಮ್ಮ ಅಡುಗೆಮನೆಯ ಬಾಗಿಲೇ ಇರಲಿ, ಒಂದು ಭುಜ ಒಳಗಿನವರ ಕಡೆಗೆ, ಇನ್ನೊಂದು ಭುಜ ಹೊರಗಿನವರ ಕಡೆಗೆ, ಯಾರಿಗೂ ಬೆನ್ನು ಕಾಣಿಸದ ಹಾಗೆ, ಅರ್ಧ ತೆರೆದಿಟ್ಟ ಕದದಂತೆ ಓರೆಯಾಗಿ ನಿಲ್ಲುತ್ತಿದ್ದರು. ನಡಿಗೆಯೂ ಹಾಗೆಯೇ: ಮುಂದೆ ಯಾರೋ ಕಾಯುತ್ತಿದ್ದಾರೆ, ಹಿಂದೆ ಯಾರೋ ಕರೆಯುತ್ತಿದ್ದಾರೆ ಎಂಬಂತೆ ಎಡಭುಜ ಮುಂದೂಡಿ, ಬಲಭುಜವನ್ನು ಹಿಂದೆ ಬಿಟ್ಟು ಬೀದಿಯ ಅಂಚು ಹಿಡಿದು ಸಾಗುವ ನಡಿಗೆ. ಊರಿಗೆ ಹೊಸಬರಾದವರು ಪಾಪ, ಸೊಂಟ ಹಿಡಿದಿರಬೇಕೆಂದು ಯಾವುದೋ ಎಣ್ಣೆಯ ಹೆಸರು ಹೇಳುತ್ತಿದ್ದರು. ಭಾವ ಬೇಡವೆನ್ನುತ್ತಿರಲಿಲ್ಲ. "ಹಚ್ಚಿದರೆ ಒಳ್ಳೇದಂತೆ" ಎನ್ನುತ್ತಿದ್ದರು.

ಅವರ ಮಾತೆಲ್ಲ ಹೀಗೆಯೇ. ಮಳೆ ಬರುತ್ತದಂತೆ, ಬಾಗಿಲು ಹಾಕಬೇಕಂತೆ. ತಮಗೇ ಹಸಿವಾದಾಗಲೂ ಅಡುಗೆಮನೆಯ ಹೊಸ್ತಿಲಲ್ಲಿ ಓರೆಯಾಗಿ ನಿಂತು, "ತಾಯಿ, ಹೊಟ್ಟೆ ಹಸಿದಿದೆಯಂತೆ" ಎನ್ನುವರು. ನಾನು ಹೊಸ ಸೊಸೆಯಾಗಿದ್ದಾಗ ಬೀದಿಯಲ್ಲಿ ಯಾರೋ ಹಸಿದವರು ಬಂದಿದ್ದಾರೆಂದು ತಿಳಿದು ತಟ್ಟೆ ಹಿಡಿದು ಹೊರಗೆ ಓಡಿದ್ದೆ. ನನ್ನ ಗಂಡ ನಕ್ಕು ನಕ್ಕು ಕೆಮ್ಮಿದರು. "ಅದು ಅವನ ಹೊಟ್ಟೆ ಕಣೇ. ಅವನಿಗೂ ಅವನ ಹೊಟ್ಟೆಗೂ ನಡುವೆ ಇನ್ಯಾರೋ ಇದ್ದಾರೆ!"

ಆ ಮನೆತನವನ್ನು ಊರು ಕರೆಯುತ್ತಿದ್ದುದೇ 'ಬಾಯಿಯವರು' ಎಂದು. ಅರಸರಿದ್ದ ಕಾಲದಲ್ಲಿ ಪ್ರಜೆ ಅರಸನೊಡನೆ ನೇರವಾಗಿ ಮಾತಾಡುವ ಹಾಗಿರಲಿಲ್ಲವಂತೆ. ಅರಸನೂ ಪ್ರಜೆಯ ಮುಖ ನೋಡಿ ಉತ್ತರ ಕೊಡುವ ಹಾಗಿರಲಿಲ್ಲವಂತೆ. ಇಬ್ಬರ ನಡುವೆ, ಆಸ್ಥಾನದ ಬಾಗಿಲಲ್ಲಿ, ಅರಸನಿಗೆ ಬೆನ್ನು ತೋರಿಸಿದರೆ ತಲೆ ಹೋಗುತ್ತದೆ, ಪ್ರಜೆಗೆ ಬೆನ್ನು ತೋರಿಸಿದರೆ ಮಾತಿನ ಮೇಲಿನ ನಂಬಿಕೆ ಹೋಗುತ್ತದೆ ಎಂದು ಓರೆಯಾಗಿ ನಿಲ್ಲುತ್ತಿದ್ದವನು ಇವರ ಮುತ್ತಾತ. ಕಷ್ಟವಿದ್ದವನು ಬಂದು ಅವನ ಎಡ ತೋಳಿನ ಅಂಚು ಹಿಡಿದು ತನ್ನ ಸಂಗತಿ ಒಮ್ಮೆ ಹೇಳಬೇಕು. ಬಾಯಿಯವನು ಅದನ್ನು ತಿರುಗಿ ಒಪ್ಪಿಸಬೇಕು. ಸರಿಯಿದ್ದರೆ ತೋಳು ಬಿಡಬೇಕು. ತೋಳು ಬಿಟ್ಟಿತೆಂದರೆ ಮಾತು ಕೊಟ್ಟಾಯಿತು. ಆಮೇಲೆ ಕೊಟ್ಟವನು ತುಟಿ ಪಿಟಕ್ಕೆನ್ನುವಂತಿಲ್ಲ, ಬಾಯಿಯವನು ಒಂದಕ್ಷರ ಕೂಡಿಸುವಂತಿಲ್ಲ, ಕಳೆಯುವಂತಿಲ್ಲ. ಯಾರೂ ತೋಳು ಹಿಡಿಯದೆ ತಾನಾಗಿ ಮಾತಾಡಿದರೆ ಅದು ಆ ಮನೆಯಲ್ಲಿ ಕಳ್ಳತನಕ್ಕೆ ಸಮ.

ಅರಸರು ಹೋದರು, ಅವರ ಮೇಲೆ ಬಂದ ಪರದೇಶದವರೂ ಹೋದರು. ಅರಮನೆಯ ಗೋಡೆ ಕೆಡವಿದರು. ಅಡಿಪಾಯ ಗಟ್ಟಿಯಾಗಿತ್ತೆಂದು ಅದರ ಮೇಲೆಯೇ ಸರಕಾರಿ ಕಚೇರಿ ಕಟ್ಟಿದರು. ಕಂದಾಯದ ಆಳುಗಳು ನಡೆದು ಸವೆಸಿದ ದಾರಿಗೆ ಡಾಂಬರು ಬಂತು, ಡಾಂಬರಿನ ಪಕ್ಕದಲ್ಲಿ ದೀಪದ ಕಂಬ ಬಂತು, ಕಂಬ ಕಂಡಲ್ಲಿ ಆಸ್ಪತ್ರೆ ಬಂತು, ನೀರಿನ ಪೈಪೂ ಅದೇ ಜಾಡು ಹಿಡಿದು ಬಂತು. ಕಚೇರಿಯ ಹೊಸ ಬಾಗಿಲಲ್ಲಿ ಒಂದು ಬೆಳಿಗ್ಗೆ ಭಾವನ ಅಪ್ಪ ಕರಿ ಕೋಟು ತೊಟ್ಟು ಓರೆಯಾಗಿ ನಿಂತರಂತೆ. ಯಾರೂ ಕರೆದಿರಲಿಲ್ಲ, ಯಾರೂ ಹೋಗೆನ್ನಲೂ ಇಲ್ಲ. ಒಳಗಿದ್ದ ಸಾಹೇಬರಿಗೂ ಅದು ಅನುಕೂಲವೇ ಆಯಿತು. ನೂರು ಜನರ ಗೋಳು ಕೇಳುವುದಕ್ಕಿಂತ ಒಬ್ಬನ ಮಾತು ಕೇಳುವುದು ಯಾರಿಗೆ ಹಿತವಲ್ಲ?

ಆ ಕೋಟು ಭಾವನಿಗೆ ಬಂತು. ದಪ್ಪ ಉಣ್ಣೆಯದು, ಬೇಸಿಗೆಯಲ್ಲಿ ಅದರೊಳಗೆ ಅವರು ಮಡಕೆಯೊಳಗಿನ ಗೆಣಸಿನಂತೆ ಬೇಯುತ್ತಿದ್ದರು. ಮೊಣಕೈಗೆ ನಾನೇ ಹಾಕಿದ ತೇಪೆ, ಕಾಲರಿಗೆ ನನ್ನ ಅತ್ತೆ ಹಾಕಿದ ತೇಪೆ. ಎಡ ತೋಳಿನ ಅಂಚು ಮಾತ್ರ ಯಾವ ತೇಪೆಗೂ ನಿಲ್ಲುತ್ತಿರಲಿಲ್ಲ. ಜ್ವರದ ಮಗುವಿನ ತಾಯಿ, ಕಣ್ಣು ಕಾಣದ ಮುದುಕ, ಕರೆಂಟು ಕಡಿಸಿಕೊಂಡ ಗಿರಣಿಯವನು, ಎಲ್ಲರ ಬೆರಳೂ ಹಿಡಿದು ಹಿಡಿದು ಅಲ್ಲಿ ಉಣ್ಣೆ ಹೋಗಿ, ನೂಲು ಹೋಗಿ, ಎಣ್ಣೆ ಸವರಿದಂತೆ ಮಿರುಗುವ ಒಂದು ಪಟ್ಟಿ ಉಳಿದಿತ್ತು. ಒಗೆಯುವಾಗ ನಾನು ಅದನ್ನು ಉಜ್ಜುತ್ತಿರಲಿಲ್ಲ. ಇಡೀ ಊರಿನ ಸಂಕಟವನ್ನು ಸಾಬೂನಿನಲ್ಲಿ ತೊಳೆದು ಚರಂಡಿಗೆ ಬಿಟ್ಟಂತಾಗುತ್ತದೆ ಅನಿಸುತ್ತಿತ್ತು.

ಪರರಿಗಾಗಿ ಸಾಹೇಬರ ಮೇಜಿನ ಮುಂದೆ ಹರಿವ ನೀರಿನಂತೆ ಮಾತಾಡುವ ಈ ಮನುಷ್ಯ ತನಗಾಗಿ ಒಂದು ಲೋಟ ಟೀ ಕೇಳಲಾರರು. ಮದುವೆಯಾಗದೆ ಉಳಿದದ್ದೂ ಇದರಿಂದಲೇ. ದರ್ಜಿಯ ಮನೆಯ ಹುಡುಗಿಯೊಬ್ಬಳ ಮೇಲೆ ಮನಸ್ಸಿತ್ತು. ಅವಳ ಅಪ್ಪನ ಬಾಗಿಲಿಗೆ ಕೋಟು ತೊಟ್ಟು ಹೋದರು, ಓರೆಯಾಗಿ ನಿಂತರು, ನಿಂತೇ ಇದ್ದರು. ದರ್ಜಿ ಬಹಳ ಹೊತ್ತು ಕಾದು, "ಯಾರ ಮಾತು ತಂದಿದ್ದೀರಿ ಬಾಯಿಯವರೇ?" ಎಂದು ಕೇಳಿದ. ಭಾವ ಬೆವರು ಒರೆಸಿಕೊಂಡು, ಕೋಟಿನ ಒಂದು ಗುಂಡಿ ಸಡಿಲವಾಗಿದೆಯಂತೆ ಎಂದು ಹೇಳಿ, ಅದನ್ನು ಹೊಲಿಸಿಕೊಂಡು ಮನೆಗೆ ಬಂದರು. ನನ್ನ ಗಂಡ ಬದುಕಿದ್ದಷ್ಟು ದಿನವೂ ಇದನ್ನು ಹೇಳಿ ಹೇಳಿ ನಗುತ್ತಿದ್ದರು. ಭಾವನೂ ನಗುತ್ತಿದ್ದರು. ಆ ಗುಂಡಿ ಮಾತ್ರ ಕೊನೆಯವರೆಗೂ ಕಿತ್ತುಬರಲಿಲ್ಲ.

ನಾನು ಹುಟ್ಟಿದ್ದು ಹಳ್ಳದ ಆಚೆ. ಆಚೆ ಎಂದರೆ ದೂರವಲ್ಲ. ಈ ದಡದಲ್ಲಿ ಒಗ್ಗರಣೆ ಹಾಕಿದರೆ ಆ ದಡದಲ್ಲಿ ಸೀನು ಬರುತ್ತದೆ. ಆದರೆ ಅಲ್ಲಿಗೆ ಯಾವ ಅರಸನೂ ಬರಲಿಲ್ಲ. ಕಲ್ಲುನೆಲ, ಕಂದಾಯ ಹುಟ್ಟುವ ಜಾಗವಲ್ಲ. ಅರಸನಿಗೂ ಅದು ಬೇಕಾಗಿರಲಿಲ್ಲ, ನಮ್ಮವರಿಗೂ ಅರಸ ಬೇಕಾಗಿರಲಿಲ್ಲ. ನಮ್ಮಲ್ಲಿ ಏನೇ ಬಂದರೂ ಕಲ್ಲುಹಾಸಿನ ಮೇಲೆ ಎಲ್ಲರೂ ದುಂಡಗೆ ಕೂರುತ್ತಿದ್ದರು, ಹೆಂಗಸರು ಸೇರಿ. ಎಲ್ಲರೂ ಮಾತಾಡಬೇಕು, ಮಾತು ಬೆಂದು ಮೆತ್ತಗಾಗುವ ತನಕ ಯಾರೂ ಏಳುವಂತಿಲ್ಲ. ತನ್ನ ಮಾತನ್ನು ಇನ್ನೊಬ್ಬನ ಬಾಯಿಗೆ ಹಾಕುವುದೆಂದರೆ ನಮ್ಮಲ್ಲಿ ತನ್ನ ಎಂಜಲನ್ನು ಅವನಿಗೆ ಉಣಿಸಿದಷ್ಟೇ ಹೇಸಿಗೆ. ಇಂಥಲ್ಲಿ ಬೆಳೆದ ನನ್ನನ್ನು, ಗೋಡೆ ಕಟ್ಟಲು ಈ ದಡಕ್ಕೆ ಬರುತ್ತಿದ್ದ ನನ್ನ ಅಪ್ಪನ ಪರಿಚಯದಿಂದ, ಬಾಯಿಯವರ ಮನೆಗೆ ತಂದುಕೊಂಡರು. "ಬಾಯಿಯವರ ಮನೆಗೆ ಸೊಸೆಯಾಗಿ ಬಂದಮೇಲೆ ಬಾಯಿ ಮುಚ್ಚಿಕೊಂಡಿರಬೇಕು" ಎಂದು ಅತ್ತೆ ಮೊದಲ ದಿನವೇ ಹೇಳಿದ್ದರು. ಮುಚ್ಚಿಕೊಂಡೆ. ಕಿವಿಗೆ ಬೀಗ ಹಾಕಲಿಲ್ಲ.

ಆಚೆಯವರಿಗೆ ದೀಪ ತಡವಾಗಿ ಬಂತು, ರಸ್ತೆ ಬರಲೇ ಇಲ್ಲ, ನೀರೆಂದರೆ ಹಳ್ಳದ ಮರಳಿನಲ್ಲಿ ತೋಡಿದ ಗುಂಡಿಯದೇ. ನನ್ನ ತಮ್ಮನ ಹೆಂಡತಿ ಪಾಚಿಗಲ್ಲಿನ ಮೇಲೆ ಕೊಡ ಹೊತ್ತು ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು; ಮುರಿದ ಮೂಳೆ ಸೊಟ್ಟಗೆ ಕೂಡಿ, ಆ ಕೈ ಈಗಲೂ ಯಾರನ್ನೋ ಭಿಕ್ಷೆ ಬೇಡುವಂತೆ ಮೇಲ್ಮುಖವಾಗಿಯೇ ಇದೆ. ಹೊಸ ಪೈಪು ಹಾಕುವ ಸುದ್ದಿ ಬಂದಾಗ ಆಚೆಯವರೆಲ್ಲ ಕಣ್ಣರಳಿಸಿದರು. ನೀರಿನ ಎಂಜಿನಿಯರು ಸ್ವತಃ ಹಳ್ಳ ದಾಟಿ ಹೋದ. ಬೂಟಿನ ಕೆಸರು ಒರೆಸಿಕೊಳ್ಳುತ್ತ ಕೇಳಿದ:

"ಇಲ್ಲಿ ಹಿರಿಯರು ಯಾರು?"

"ನಾವೇ" ಎಂದರು ಅಲ್ಲಿದ್ದವರೆಲ್ಲ.

"ಎಲ್ರೂ ಅಲ್ಲಾರಿ. ಒಬ್ರು. ನಿಮ್ಮೆಲ್ಲರ ಪರವಾಗಿ ಮಾತಾಡೋರು."

"ನಮಗೇನು ನಾಲಿಗೆ ಬಿದ್ದುಹೋಗಿದೆಯಾ?" ಎಂದ ನನ್ನ ತಮ್ಮ. ಅವನು ಗಾರೆ ಕೆಲಸದವನು, ಮಾತೂ ಕರಣೆಯಲ್ಲಿ ಎಳೆದಂತೆಯೇ. ಅಲ್ಲಿಂದ ಶುರುವಾಯಿತು. ನಲ್ಲಿ ಇಲ್ಲಿರಲಿ ಎಂದು ಒಬ್ಬ, ಅಲ್ಲಿರಲಿ ಎಂದು ಇನ್ನೊಬ್ಬ, ಪೈಪು ಎಷ್ಟು ಆಳಕ್ಕೆ ಎಂದು ಮತ್ತೊಬ್ಬ, ಒಬ್ಬ ಅಜ್ಜಿಯಂತೂ, "ಬಿಸಿಲಲ್ಲಿ ಬಂದಿದ್ದೀಯ, ಕೂತ್ಕೋ ಮಗ, ನಿನ್ನ ತಾಯಿ ಚೆನ್ನಾಗಿದ್ದಾಳಾ?" ಎಂದು ಮನೆಯ ಕಥೆಗೇ ಇಳಿದಳು. ಅವರ ಲೆಕ್ಕದಲ್ಲಿ ಮಾತು ಇನ್ನೂ ಒಲೆಯ ಮೇಲೆ ಏರಿತ್ತಷ್ಟೆ. ಎಂಜಿನಿಯರ ಲೆಕ್ಕದಲ್ಲಿ ಹೊತ್ತು ಮುಗಿದಿತ್ತು. "ಮೊದಲು ಒಂದು ಬಾಯಿ ಮಾಡ್ಕೊಂಡು ಬನ್ನಿ. ಕಾಲುವೆ ಮುಚ್ಚೋದರೊಳಗೆ ಬಂದ್ರೆ ನೋಡೋಣ" ಎಂದು ಹೇಳಿ ಎದ್ದುಹೋದ. ಪೈಪಿಗೆಂದು ತೋಡಿದ ಕಾಲುವೆ ನಮ್ಮ ಬೀದಿಯ ಕೊನೆಗೆ ಬಂದು, ಹಳ್ಳದ ದಡದಲ್ಲಿ ನಿಂತಿತ್ತು. ಅದನ್ನೊಮ್ಮೆ ಮುಚ್ಚಿದರೆಂದರೆ ಇನ್ನು ಯಾವ ಜನ್ಮದಲ್ಲಿ ತೆಗೆಯುವರೋ.

ಭಾವನ ಊಟದ ಹೊತ್ತಿಗೆ ನಾನು ಮೆಲ್ಲಗೆ ಸಂಗತಿ ತೆಗೆದೆ. ಅವರು ತಟ್ಟೆಯ ಮುಂದೆಯೂ ಓರೆಯಾಗಿಯೇ ಕೂತಿದ್ದರು.

"ಹಳ್ಳದಾಚೆಗೆ ನಮ್ಮ ಮಾತು ಹೋಗೋ ಹಾಗಿಲ್ಲವಂತೆ, ತಾಯಿ."

"ಯಾರ ಕಾಲದ ಮಾತು ಭಾವ ಅದು?"

ಅವರು ಅನ್ನವನ್ನು ತಟ್ಟೆಯ ಅಂಚಿಗೆ ಸರಿಸಿದರು. "ತೋಳು ಹಿಡಿದು ಕೊಟ್ಟರೆ ಹೇಳಬಹುದಂತೆ. ಯಾರಾದರೂ ಒಬ್ಬರು ಬಂದು ಹಿಡಿಯಲಿ."

ತಮ್ಮನಿಗೆ ಹೋಗಿ ಹೇಳಿದೆ. ಅವನು ಕರಣೆ ತೊಳೆಯುತ್ತಿದ್ದವನು ತಲೆಯನ್ನೂ ಎತ್ತಲಿಲ್ಲ.

"ಅರಸ ಕತ್ತಿ ಹಿಡಿದು ನಿಂತಾಗ ಹಿಡಿಯದ ತೋಳನ್ನ, ಈಗ ಕೊಡ ಹಿಡಿದು ಹಿಡಿಯಬೇಕಾ ಅಕ್ಕ?"

"ನಿನ್ನ ಹೆಂಡತಿ ಕೈ ನೋಡೋ."

"ಸೊಟ್ಟ ಕೈಯಾದರೂ ಅವಳದೇ ಕೈ." ಒಳಗಿನಿಂದ ಅವಳು ಕೂಗಿದಳು: "ಹೌದು ಅತ್ತಿಗೆ, ನನ್ನದೇ! ನೀರು ಹೊರೋದೂ ಇದೇ ಕೈ. ಇವರದು ಗೋಡೆಗೆ ಮಾತ್ರ!" ತಮ್ಮ ನಕ್ಕ, ಆದರೆ ಬಗ್ಗಲಿಲ್ಲ.

ಕಾಲುವೆ ಮುಚ್ಚುವ ದಿನ ಭಾವ ಕೋಟು ತೊಟ್ಟರು. ದರ್ಜಿ ಹೊಲಿದ ಗುಂಡಿಯವರೆಗೂ ಎಲ್ಲ ಗುಂಡಿ ಹಾಕಿಕೊಂಡರು. ಹೋಗಿ ಕಾಲುವೆಯ ಕೊನೆಯಲ್ಲಿ, ಹಳ್ಳಕ್ಕೊಂದು ಭುಜ, ಊರಿಗೊಂದು ಭುಜ ಕೊಟ್ಟು ನಿಂತರು. ಆಚೆಯವರು ಸುದ್ದಿ ತಿಳಿದು ಹಳ್ಳಕ್ಕೆ ಇಳಿದು ಬಂದಿದ್ದರು. ಕೈಚಾಚಿದರೆ ಸಿಗುವಷ್ಟು ಹತ್ತಿರ ನಿಂತಿದ್ದರು. ಎಂಜಿನಿಯರು ಬಂದವನೇ, ಭಾವನನ್ನು ಕಂಡು ಮುಖ ಅರಳಿಸಿದ.

"ಏನು ಯಜಮಾನ್ರೇ, ಇವತ್ತು ಯಾರದ್ದು?"

ಭಾವ ಎಡ ತೋಳನ್ನು ಸ್ವಲ್ಪ, ಬಹಳ ಸ್ವಲ್ಪ, ಆಚೆಯವರ ಕಡೆಗೆ ಮುಂದೂಡಿದರು. ಆ ಮಿರುಗುವ ಪಟ್ಟಿ ಬಿಸಿಲಿಗೆ ಹೊಳೆಯಿತು. ಯಾರೂ ಹಿಡಿಯಲಿಲ್ಲ. ನನ್ನ ತಮ್ಮ ಎದೆಗೆ ಕೈಕಟ್ಟಿಕೊಂಡಿದ್ದ. ಅವನ ಹೆಂಡತಿ ಒಂದು ಹೆಜ್ಜೆ ಮುಂದಿಟ್ಟಳು, ತಮ್ಮ ನೋಡಿದ, ನಿಂತಳು. ಎಲ್ಲರೂ ಮಾತಾಡುವ ಜನ, ಎಲ್ಲರ ಮಾತನ್ನೂ ಆಡುವ ಮನುಷ್ಯ, ಇಬ್ಬರೂ ಎದುರುಬದುರು ಮೂಗರಂತೆ ನಿಂತರು. ಎಂಜಿನಿಯರು ಗಡಿಯಾರ ನೋಡಿಕೊಂಡ. "ಏನೂ ಇಲ್ಲವಾ? ಮುಚ್ಚಿರಪ್ಪಾ" ಎಂದ. ಆಳುಗಳು ಸಲಿಕೆ ಎತ್ತಿದರು. ಮೊದಲ ಮಣ್ಣು ಕಾಲುವೆಗೆ ಬಿದ್ದ ಸದ್ದು ಕೇಳಿತು.

ಆಗ ಭಾವ ಕೆಮ್ಮಿದರು. ಗಂಟಲು ಸರಿಮಾಡಿಕೊಂಡರು. ಅಷ್ಟು ವರ್ಷ ಸಾಹೇಬರ ಮುಂದೆ ಒಮ್ಮೆಯೂ ತಡವರಿಸದ ಆ ಗಂಟಲು, ಮೊದಲ ಸಲ ಕಾಲಿಟ್ಟು ನಡೆಯುವ ಕೂಸಿನಂತೆ ತಡವರಿಸಿತು.

"ನನಗೆ... ನನಗೆ ನೀರು ಬೇಕು."

"ನಿಮಗಾ? ಬೀದಿಯಲ್ಲಿ ಮೊದಲನೇ ನಲ್ಲಿ ನಿಮ್ಮನೇದೇ ಅಲ್ವಾ!"

"ಆಚೆ ಬೇಕು."

"ಆಚೆ ನಿಮ್ಮದೇನಿದೆ ಯಜಮಾನ್ರೇ?"

ಭಾವ ಸುತ್ತ ನೋಡಿದರು. ಆಚೆ ಅವರಿಗೆ ಮನೆಯಿರಲಿಲ್ಲ, ಹೊಲವಿರಲಿಲ್ಲ. ಈಚೆಯೂ ಅವರದೆಂದು ಹೇಳಿಕೊಳ್ಳಲು ಒಂದು ಕೋಟು ಬಿಟ್ಟರೆ ಏನಿತ್ತು? ಅವರ ಕಣ್ಣು ನನ್ನ ಮೇಲೆ ನಿಂತಿತು.

"ನಮ್ಮ ಮನೆ ಸೊಸೆಯ ತವರು" ಎಂದರು.

ಎಂಜಿನಿಯರು ನಕ್ಕುಬಿಟ್ಟ. "ಅಷ್ಟೇನಾ? ಮೊದಲೇ ಹೇಳಬಾರದಾ? ನೀವು ಕೇಳಿದ ಮೇಲೆ ಮುಗೀತು. ನಿಮ್ಮ ಹೆಸರಿಗೇ ಹಾಕ್ತೀನಿ." ಆಳುಗಳಿಗೆ ಕೈಸನ್ನೆ ಮಾಡಿದ. ಹಾಕಿದ ಮಣ್ಣನ್ನು ಅದೇ ಸಲಿಕೆ ಹೊರಗೆಳೆಯಿತು. ಅಷ್ಟೊಂದು ಬಾಯಿ ಒಟ್ಟಿಗೆ ಕೂಗಿದರೂ ಆಗದ ಕೆಲಸ ಒಂದು ಬಾಯಿ ತೊದಲಿದರೆ ಆಗಿಹೋಯಿತು. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎಂಬ ಗಾದೆಯಿದೆ. ಯಾವ ಬಾಯಿ ಎಂಬುದನ್ನು ಗಾದೆ ಹೇಳುವುದಿಲ್ಲ.

ಆಚೆಯವರು ಯಾರೂ ಕೈ ಮುಗಿಯಲಿಲ್ಲ, ಬೈಯಲೂ ಇಲ್ಲ. ತಮ್ಮ ಮಾತ್ರ ಹಳ್ಳಕ್ಕೆ ಇಳಿಯುವ ಮುಂಚೆ ನನ್ನ ಕಿವಿಯ ಹತ್ತಿರ ಬಂದು, "ಅಕ್ಕ, ಇವತ್ತು ಹಳ್ಳ ದಾಟಿದ್ದು ನೀರಲ್ಲ, ಅರಸ" ಎಂದ.

ಅಂದು ಭಾವ ಊಟ ಮಾಡಲಿಲ್ಲ. ಕೋಟನ್ನು ಮೊಳೆಗೆ ಹಾಕದೆ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. "ಯಾರೂ ಕೊಡದ ಮಾತು ಆಡಿಬಿಟ್ಟೆ, ತಾಯಿ. ನಮ್ಮಪ್ಪ ಇದ್ದಿದ್ದರೆ ಮನೆ ಬಿಡಿಸುತ್ತಿದ್ದರು." ನಾನು, "ಆ ಮಾತಿನಿಂದ ನೀರು ಬಂತಲ್ಲ ಭಾವ" ಎಂದೆ. "ಬಂತು" ಎಂದರು, ಅಷ್ಟು ದಣಿದ ಒಂದು ಪದವನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ನಲ್ಲಿ ಬಂತು. ಮೊಣಕಾಲೆತ್ತರಕ್ಕೆ ನಿಲ್ಲಿಸಿ ಹೋಗಿದ್ದರು. ಬೀದಿ ನಲ್ಲಿಗಳೆಲ್ಲ ಹಾಗೆಯೇ. ಕೊಡ ಇಡಬೇಕಾದರೆ ಬಗ್ಗಬೇಕು, ಎತ್ತಬೇಕಾದರೆ ಬಗ್ಗಬೇಕು. ತಮ್ಮ ಅದರ ನೀರು ಮುಟ್ಟುವುದಿಲ್ಲವೆಂದು ಶಪಥ ಮಾಡಿ ಗುಂಡಿಯ ನೀರನ್ನೇ ಕುಡಿದ. ಹೆಂಡತಿ ಅವನಿಗೆ ಹೇಳದೆ ನಲ್ಲಿಯ ನೀರಲ್ಲೇ ಅಡುಗೆ ಮಾಡಿ ಬಡಿಸಿದಳು. ಒಂದು ದಿನ, ಸಾರು ಬಹಳ ರುಚಿಯಾಗಿದೆಯಲ್ಲ ಎಂದನಂತೆ. ಅವಳು ಸತ್ಯ ಹೇಳಿದಳು. ಅವನು ಕೈತೊಳೆದು ಎದ್ದು, ಕಲ್ಲು ಗಾರೆ ಹೊತ್ತುಕೊಂಡು ಹೋಗಿ, ಕೊಳವೆಗೆ ಇನ್ನೊಂದು ತುಂಡು ಜೋಡಿಸಿ ನಲ್ಲಿಯನ್ನು ಎದೆಮಟ್ಟಕ್ಕೆ ಏರಿಸಿದ; ಕೊಡವಿಡಲು ಸೊಂಟದೆತ್ತರಕ್ಕೆ ಕಟ್ಟೆ ಕಟ್ಟಿದ. "ನೀರಿಗೆ ಒಪ್ಪಿದ್ದೀವಿ, ಬಗ್ಗೋದಕ್ಕೆ ಒಪ್ಪಿಲ್ಲ" ಎಂದ. ಆ ಕಟ್ಟೆಯನ್ನು ಭಾವ ಒಮ್ಮೆ ಹಳ್ಳ ದಾಟಿ ಹೋಗಿ ನೋಡಿ ಬಂದರು. ಬಹಳ ಚೆನ್ನಾಗಿದೆಯಂತೆ ಎಂದರು.

ಆದರೆ ಕಟ್ಟೆಯ ಎತ್ತರ ಕಚೇರಿಯ ಬಾಗಿಲಿಗೆ ತಿಳಿಯುವುದಿಲ್ಲ. ನಲ್ಲಿ ಕೆಟ್ಟರೆ, ದೀಪ ಹೋದರೆ, ಆಚೆಯವರು ಕಚೇರಿಗೆ ಹೋದಾಗ ಒಳಗಿನವರು ಕೇಳುವುದು ಒಂದೇ: "ಬಾಯಿಯವರು ಬಂದಿಲ್ಲವಾ? ನಲ್ಲಿ ಅವರ ಹೆಸರಲ್ಲಿದೆ." ಹೀಗೆ ಒಬ್ಬೊಬ್ಬರಾಗಿ ನಮ್ಮ ಬಾಗಿಲಿಗೆ ಬರತೊಡಗಿದರು. ಬಂದರೂ ತೋಳು ಹಿಡಿಯುತ್ತಿರಲಿಲ್ಲ. ದೂರದಲ್ಲಿ ನಿಂತು, ಭಾವನಿಗೆ ಕೇಳುವಂತೆ ಗಾಳಿಗೆ ಹೇಳುತ್ತಿದ್ದರು. ಭಾವ ಅದನ್ನೂ ಒಪ್ಪಿಕೊಂಡರು. ಒಮ್ಮೆ ಕದ್ದವನಿಗೆ ಎರಡನೆಯ ಕಳ್ಳತನ ಸುಲಭವಂತೆ ಎಂದು ನಗುತ್ತಿದ್ದರು. ನಗು ಕಣ್ಣಿಗೆ ಮುಟ್ಟುತ್ತಿರಲಿಲ್ಲ. ವಯಸ್ಸೂ ಆಗಿತ್ತು. ಕಾಲು ಊದುತ್ತಿತ್ತು. ಕೋಟು ತೊಡುವಾಗ ಉಸಿರು ಹತ್ತುತ್ತಿತ್ತು.

ಒಂದು ಬೆಳಿಗ್ಗೆ ಅವರು ಏಳಲಿಲ್ಲ. ಜ್ವರವೇನೂ ಇರಲಿಲ್ಲ. ಗೋಡೆಯ ಕಡೆಗೆ ಪೂರ್ತಿ ತಿರುಗಿ, ಎಂದೂ ಯಾರಿಗೂ ತೋರಿಸದ ಬೆನ್ನನ್ನು ಇಡೀ ಲೋಕಕ್ಕೆ ತೋರಿಸಿ ಮಲಗಿದ್ದರು. "ಇವತ್ತು ಬಾಯಿ ಇಲ್ಲ ಅಂತ ಹೇಳಿಬಿಡು, ತಾಯಿ." ಹೊರಗೆ ಬಂದು, ಬಾಗಿಲಲ್ಲಿ ಕಾದಿದ್ದವರಿಗೆ ಹೇಳಿದೆ. ಯಾರೂ ಹೋಗಲಿಲ್ಲ. ಕಚೇರಿ ನಾಲ್ಕು ಹೆಜ್ಜೆಯ ದೂರ. ಅಲ್ಲಿಗೆ ಹೋಗುವ ಯೋಚನೆಯೂ ಯಾರಿಗೂ ಬರಲಿಲ್ಲ. ಬಿಸಿಲೇರಿತು, ನೆರಳು ಗೋಡೆಗಂಟಿತು, ಅವರೂ ನೆರಳಿನೊಂದಿಗೆ ಗೋಡೆಗಂಟಿ ಕೂತರು. ಅವರ ನಡುವೆ ನನ್ನ ತಮ್ಮನ ಹೆಂಡತಿಯೂ ಇದ್ದಳು. ಸೊಟ್ಟ ಕೈಗೆ ಆಸ್ಪತ್ರೆಯಲ್ಲಿ ಏನೋ ಮಾಡುತ್ತಾರಂತೆ ಎಂದು ಕೇಳಿ ಬಂದಿದ್ದಳು.

ಮಧ್ಯಾಹ್ನ ತಮ್ಮ ಅವಳನ್ನು ಹುಡುಕಿಕೊಂಡು ಬಂದ. ಕೈಯಲ್ಲಿ ಒಣಗಿದ ಗಾರೆ.

"ಇಲ್ಲೇನು ಕೂತಿದ್ದೀಯ? ನಿನಗೆ ಬಾಯಿಲ್ವಾ?"

"ಇದೆಯಲ್ಲ! ನಿಮ್ಮ ಮೇಲೆ ದಿನಾ ಬಿಡ್ತೀನಲ್ಲ ಅದೇ" ಎಂದಳು. ಕೂತಿದ್ದವರು ನಕ್ಕರು. ಅವಳು ನಗಲಿಲ್ಲ. "ಹೋಗಿದ್ದೆ ಆಸ್ಪತ್ರೆಗೆ. ಎರಡು ಸಲ ಹೋಗಿದ್ದೆ. ನಮ್ಮ ಹತ್ರ ಬಾಯಿ ಇದೆ ಕಣ್ರೀ. ಅವರ ಹತ್ರ ಕಿವಿ ಇಲ್ಲ. ಇರೋ ಒಂದು ಕಿವಿ ಈ ಮನೆಯವರ ದನಿಗೆ ಮಾತ್ರ ತೆರೆಯುತ್ತೆ. ನಾನೇನು ಮಾಡಲಿ?"

ತಮ್ಮ ಕೈಗಂಟಿದ ಗಾರೆಯನ್ನು ಉಜ್ಜಿ ಉದುರಿಸಿದ. ಆಮೇಲೆ ಅವಳ ಪಕ್ಕದಲ್ಲಿ, ಗೋಡೆಗೆ ಒರಗಿ ಕೂತ. ಆ ಗೋಡೆ ನಮ್ಮ ಅಪ್ಪ ಕಟ್ಟಿದ್ದು.

ಒಳಗೆ ಮಂಚ ಕಿರುಗುಟ್ಟಿತು. ನಾನು ಹೋಗಿ ನೋಡುವಷ್ಟರಲ್ಲಿ ಭಾವ ಎದ್ದು, ಊದಿದ ಕಾಲನ್ನು ನೆಲಕ್ಕೂರಿ, ಕೋಟಿನೊಳಗೆ ತೋಳು ಹುಡುಕುತ್ತಿದ್ದರು. ನಾನು ಹಿಡಿದೆ. ಒಂದೊಂದೇ ಗುಂಡಿ ಹಾಕಿದೆ. "ಬೇಡ ಭಾವ, ನಾಳೆ ಹೋದರಾಯ್ತು" ಎಂದೆ. "ನಾಳೆಯೂ ಅದೇ ಕಿವಿಯಂತೆ, ತಾಯಿ" ಎಂದು ಹೇಳಿ ಹೊಸ್ತಿಲಿಗೆ ಬಂದು, ಎಂದಿನಂತೆ, ಓರೆಯಾಗಿ ನಿಂತರು.

ಈಗ ಅವರಿಲ್ಲ. ಕೋಟು ಮೊಳೆಯಲ್ಲಿದೆ, ಅದನ್ನು ಯಾರು ತೊಡುವರೆಂದು ಊರವರು ನನ್ನನ್ನೇ ಕೇಳುತ್ತಾರೆ, ಇತ್ತೀಚೆಗೆ ಆಚೆಯವರೂ. ನನಗೆ ಓದು ಬರಹ ಅಷ್ಟಕ್ಕಷ್ಟೆ, ದೊಡ್ಡ ಮಾತು ತಿಳಿಯದು. ಅರಸರು ಸಾಯುತ್ತಾರೆ, ಅವರ ಅರಮನೆ ಬೀಳುತ್ತದೆ, ಆದರೆ ಅವರ ಬಾಗಿಲು ಬೀಳುವುದಿಲ್ಲ. ಹೊಸ ಮನೆ ಕಟ್ಟುವವರೆಲ್ಲ ಅದನ್ನೇ ತಂದು ಕೂರಿಸುತ್ತಾರೆ ಎಂಬುದಷ್ಟೇ ನಾನು ಕಂಡದ್ದು. ಇಂಥ ಬಾಗಿಲು ಇರುವ ತನಕ ಅದರಲ್ಲಿ ಓರೆಯಾಗಿ ನಿಲ್ಲುವ ಕೆಲವರು ಹುಟ್ಟುತ್ತಲೇ ಇರುತ್ತಾರೆ. ಅವರನ್ನು ಒಳಗಿನವರು ಹೊರಗಿನವರೆಂದೂ, ಹೊರಗಿನವರು ಒಳಗಿನವರೆಂದೂ ತಿಳಿಯುತ್ತಾರೆ. ಎಲ್ಲರೂ ಅವರನ್ನು ಹಾದೇ ಹೋಗಬೇಕು; ಅವರು ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಕದಕ್ಕೂ ಒಮ್ಮೆ ಮುಚ್ಚಿಕೊಂಡು ಮಲಗಬೇಕು ಅನಿಸುತ್ತದೆ ಎಂಬುದು ಅದರ ಬಿಜಾಗರಿಗೆ ಎಣ್ಣೆ ಹಾಕಿದವರಿಗಷ್ಟೇ ಗೊತ್ತು.